ಮಸ್ಕಿಯ ಹಾದಿಯಲ್ಲಿ ಅಶೋಕ

ಮೋಟಾರ್ ಸೈಕಲ್ ಪ್ರವಾಸವೆಂದರೆ ಲಡಾಖಿನ ಕಣಿವೆ, ಹಿಮಾಲಯದಾಚೆಯ ಮರುಭೂಮಿ ಎಂದೇ ನಮ್ಮ ಯುವಕರು ಕನಸು ಕಾಣುತ್ತಾರೆ. ಬೋಳುಗುಡ್ಡ, ಬಯಲು, ಬಿಸಿಲು ಇವೇ ಬೇಕೆನ್ನುವವರಿಗೆ ರಾಯಚೂರು ಜಿಲ್ಲೆಯಲ್ಲೇ ಒಂದು ಹಾದಿಯಿದೆ. ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಹಾಯ್ದು ಸಿಂಧನೂರಿಗೆ ಸುಮಾರು 50 ಕಿಲೋಮೀಟರ್. ಎಲ್ಲೂ ನಿಲ್ಲದಿದ್ದರೆ ಒಂದು ಗಂಟೆಯ ದಾರಿ. ಆದರೆ ನಿಲ್ಲದೆ ಹೋದವರು ಭಾರತದ ಚರಿತ್ರೆಯ ಒಂದು ದೊಡ್ಡ ಒಗಟನ್ನು ಬಿಡಿಸಿದ ಬಂಡೆಯನ್ನು ನೋಡದೆ ಹೋದಂತೆ.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕೆ ಹಿಂದೆ ಎಡೆದೊರೆ ನಾಡು ಎಂಬ ಹೆಸರಿತ್ತು. ಮಳೆ ಕಡಿಮೆ, ಎರೆಭೂಮಿಯಲ್ಲಿ ಜೋಳ, ಹತ್ತಿ, ತೊಗರಿ. ಅಲ್ಲಲ್ಲಿ ಯಾರೋ ಒಟ್ಟಿಟ್ಟಂತೆ ಕಾಣುವ ಬಂಡೆಗಳ ಗುಡ್ಡಗಳು. ನೋಡಲು ಬರಡಾದ ಈ ನಾಡಿಗಾಗಿ ಅರಸರು ಶತಮಾನಗಳ ಕಾಲ ಬಡಿದಾಡಿದರು. ವಿಜಯನಗರಕ್ಕೂ ಬಹಮನಿಗಳಿಗೂ ನಡೆದ ಕದನಗಳಿಗೆ ಲಿಂಗಸುಗೂರು ಸಮೀಪದ ಮುದಗಲ್ಲಿನ ಕೋಟೆ ಸಾಕ್ಷಿ. ಈ ಸೀಮೆಯ ಇನ್ನೊಂದು ಆಕರ್ಷಣೆ ನೆಲದಡಿಯಲ್ಲಿತ್ತು. ಇಂದಿಗೂ ಚಿನ್ನ ತೆಗೆಯುತ್ತಿರುವ ಹಟ್ಟಿ ಇದೇ ಲಿಂಗಸುಗೂರು ತಾಲ್ಲೂಕಿನದು. ಅಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಗಣಿ ತೋಡಿದ ಕುರುಹುಗಳಿವೆ.

ಮಸ್ಕಿಯ ಕಥೆಯೂ ಚಿನ್ನದಿಂದಲೇ ಆರಂಭ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ನಿಜಾಮರ ಸೀಮೆಯಾಗಿದ್ದ ಇಲ್ಲಿ ಚಿನ್ನ ಹುಡುಕುತ್ತಿದ್ದಾಗ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದಾಗ ವಿದ್ವತ್‌ಲೋಕ ಬೆರಗಾಯಿತು. ಏಕೆಂದರೆ ಅದರಲ್ಲಿ ‘ಅಶೋಕ’ ಎಂಬ ಹೆಸರಿತ್ತು.

ಅದರಲ್ಲೇನು ವಿಶೇಷ ಎನ್ನಬಹುದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ, ದೇಶದ ಉದ್ದಗಲಕ್ಕೂ ಹರಡಿದ್ದ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪಿಯ ಪಿಯದಸಿ’, ಅಂದರೆ ದೇವತೆಗಳಿಗೆ ಪ್ರಿಯನಾದ ಪ್ರಿಯದರ್ಶಿ ಎಂಬ ಬಿರುದು ಮಾತ್ರ. ಈತ ಸಿಂಹಳದ ದೊರೆಯಿರಬೇಕೆಂದು ಪ್ರಿನ್ಸೆಪ್ ಮೊದಲು ಊಹಿಸಿದ್ದರು. ಸಿಂಹಳದ ಪಾಳಿ ಗ್ರಂಥಗಳ ಆಧಾರದಿಂದ ಈತ ಮೌರ್ಯ ಅಶೋಕನೇ ಎಂದು ಜಾರ್ಜ್ ಟರ್ನರ್ ತೋರಿಸಿಕೊಟ್ಟರು. ಆದರೂ ಅದು ಪುಸ್ತಕದ ಸಾಕ್ಷಿ, ಕಲ್ಲು ಮಾತಾಡಿರಲಿಲ್ಲ. 78 ವರ್ಷಗಳ ಬಳಿಕ ಮಸ್ಕಿಯ ಬಂಡೆ ‘ದೇವಾನಾಂಪಿಯ ಅಶೋಕ’ ಎಂದು ಸ್ಪಷ್ಟವಾಗಿ ಹೇಳಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲೂ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಈ ಹೆಸರು ದೊರಕಿತು. ಮೊದಲ ಮಾತು ಮಾತ್ರ ಮಸ್ಕಿಯದೇ.

ಪಾಟಲಿಪುತ್ರದ ಚಕ್ರವರ್ತಿಗೆ ಈ ಕಲ್ಲುಗುಡ್ಡದಲ್ಲಿ ಏನು ಕೆಲಸ? ಶಾಸನವನ್ನು ಜನ ಓಡಾಡುವ ಕಡೆ ಬರೆಸುತ್ತಾರೆಯೇ ಹೊರತು ನಿರ್ಜನ ಪ್ರದೇಶದಲ್ಲಲ್ಲ. ಮಸ್ಕಿ ಅದಾಗಲೇ ಹಳೆಯ ಊರು. 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಮೌರ್ಯರಿಗಿಂತ ಬಹು ಹಿಂದಿನ ವಸತಿಯ ಅವಶೇಷಗಳು ದೊರೆತವು. ಬ್ರಹ್ಮಗಿರಿಯ ಶಾಸನವು ಮೌರ್ಯರ ರಾಜಕುಮಾರನಿದ್ದ ‘ಸುವರ್ಣಗಿರಿ’ಯನ್ನು ಹೆಸರಿಸುತ್ತದೆ. ಅದು ಮಸ್ಕಿಯೇ ಎಂದು ಕೆಲವರು, ಕನಕಗಿರಿ ಎಂದು ಇನ್ನು ಕೆಲವರು ವಾದಿಸಿದ್ದಾರೆ. ಯಾವುದೇ ಆಗಲಿ, ಹೆಸರಿನಲ್ಲೇ ಚಿನ್ನವಿದೆ. ಬ್ರಹ್ಮಗಿರಿಯ ಪಾಠದಲ್ಲಿ 256 ಎಂಬ ಸಂಖ್ಯೆಯೂ ಬರುತ್ತದೆ. ಅದು ಅಶೋಕ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಈ ಶಾಸನವೂ ಒಬ್ಬ ಪ್ರಯಾಣಿಕನ ಮಾತೇ.

ಆ ಮಾತಾದರೂ ಏನು? ಗೆದ್ದ ಯುದ್ಧದ ವರ್ಣನೆಯಲ್ಲ, ದತ್ತಿಯ ಲೆಕ್ಕವೂ ಅಲ್ಲ. ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲೆಂದು ತಿಳಿಯಬೇಡಿ. ಸಣ್ಣವನೂ ಪ್ರಯತ್ನಪಟ್ಟರೆ ಅದನ್ನು ಪಡೆಯಬಲ್ಲ ಎಂಬುದೇ ಅದರ ತಿರುಳು. ಸುಮಾರು 2,250 ವರ್ಷಗಳ ಹಿಂದೆ ಅರಸನೊಬ್ಬ ದಾರಿಹೋಕರಿಗೆ ಹೀಗೆ ಹೇಳಿದನೆಂಬುದು ಸಾಮಾನ್ಯ ಸಂಗತಿಯಲ್ಲ.

ಮಸ್ಕಿ ದಾಟಿ ಸಿಂಧನೂರು ಸಮೀಪಿಸಿದಂತೆ ನೋಟ ಬದಲಾಗುತ್ತದೆ. 1950ರ ದಶಕದಲ್ಲಿ ತುಂಗಭದ್ರಾ ಅಣೆಕಟ್ಟೆ ಸಿದ್ಧವಾಗಿ, ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಕರಾವಳಿ ಆಂಧ್ರದ ರೈತರು ಬಂದು ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಸಿಂಧನೂರಿನ ಆಸುಪಾಸಿನಲ್ಲಿ ನೆಲೆ ದೊರೆಯಿತು. ಅಂದು ಚಿನ್ನ ಕರೆದಂತೆ ಇಂದು ನೀರು ಕರೆದಿದೆ.

ಈ ದಾರಿಯಲ್ಲಿ ಗಾಡಿ ಓಡಿಸುವವರು ಮಸ್ಕಿಯಲ್ಲಿ ಅರ್ಧ ಗಂಟೆ ಎಂಜಿನ್ ನಿಲ್ಲಿಸಬೇಕು. ಬ್ರಾಹ್ಮಿ ಓದಲು ಬಾರದಿದ್ದರೂ ಚಿಂತೆಯಿಲ್ಲ. ಚಿನ್ನ ಹುಡುಕಲು ಬಂದವನ ಕಣ್ಣಿಗೆ ಬಿದ್ದದ್ದು ಚಿನ್ನಕ್ಕಿಂತ ಬೆಲೆಯುಳ್ಳ ಒಂದು ಹೆಸರು ಎಂಬುದನ್ನು ಆ ಬಂಡೆಯ ಎದುರು ನಿಂತು ನೆನೆದರೆ ಸಾಕು.