ಎರಡು ಅಕ್ಷರಗಳ ನಡುವಿನ ಗೆರೆ

ಹತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಕರಿಹಲಗೆಯ ನಡುವೆ ‘ಸಿ’ ಎಂದು ದೊಡ್ಡದಾಗಿ ಬರೆದು, ಅದರ ನಾಲ್ಕೂ ಕಡೆ ನಾಲ್ಕು ‘ಎಚ್’ ಕೂರಿಸಿ, ಮಧ್ಯೆ ಸೀಮೆಸುಣ್ಣದಿಂದ ನಾಲ್ಕು ಗೆರೆ ಎಳೆದರು. ಅದು ಮೀಥೇನ್. ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದು ಇದೇ ಎಂದರು. ‘ಸಾರ್, ಆ ಗೆರೆ ಏನು?’ ಎಂದು ಹಿಂದಿನ ಬೆಂಚಿನಿಂದ ಕೇಳಿದೆ. ‘ಅದು ಸಹವೇಲೆನ್ಸೀಯ ಬಂಧ ಕಣೋ. ಒಂದು ಗೆರೆ ಅಂದ್ರೆ ಎರಡು ಎಲೆಕ್ಟ್ರಾನ್. ಬರ್ಕೊ’ ಅಂದರು. ಬರೆದುಕೊಂಡೆ. ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕವೂ ಬಂತು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಹೋದ ವರ್ಷ ಅಕ್ಕನ ಮಗಳು ಅದೇ ಪಾಠ ಓದುತ್ತಾ ನನ್ನನ್ನು ಹಿಡಿದು ನಿಲ್ಲಿಸಿದಳು. ‘ಮಾಮ, ಎರಡೂ ಎಲೆಕ್ಟ್ರಾನ್ ಋಣಾವೇಶದವು ತಾನೆ? ಒಂದನ್ನೊಂದು ದೂಡಬೇಕು. ಹೋಗಿ ಹೋಗಿ ಜೋಡಿಯಾಗಿ ಯಾಕೆ ಕೂರುತ್ತವೆ?’ ನನ್ನ ಬಳಿ ಉತ್ತರವಿರಲಿಲ್ಲ. ‘ನೋಡಿ ಹೇಳ್ತೀನಿ’ ಎಂದು ತಪ್ಪಿಸಿಕೊಂಡೆ. ನೋಡುತ್ತಾ ಹೋದಾಗ ತಿಳಿದದ್ದು ಇಷ್ಟು: ರಸಾಯನ ವಿಜ್ಞಾನಿಗಳು ಆ ಗೆರೆಯನ್ನು ಎಳೆಯಲು ಶುರುಮಾಡಿ 58 ವರ್ಷಗಳವರೆಗೆ ಅದು ಏನೆಂದು ಅವರಿಗೂ ಗೊತ್ತಿರಲಿಲ್ಲ. ಆ ಗೆರೆಯ ಜೊತೆ ಇಬ್ಬರ ನೋವಿನ ಕಥೆಯೂ ಇದೆ. ಅದು ನಮ್ಮ ಪಠ್ಯದಲ್ಲಿ ಇರಲಿಲ್ಲ.

ಮೊದಲನೆಯವನು ಆರ್ಚಿಬಾಲ್ಡ್ ಸ್ಕಾಟ್ ಕೂಪರ್. 1831ರಲ್ಲಿ ಸ್ಕಾಟ್ಲೆಂಡಿನ ಕರ್ಕಿಂಟಿಲಾಕ್ ಎಂಬ ಊರಿನಲ್ಲಿ ಹುಟ್ಟಿದವನು. ಓದಲು ಹೊರಟಿದ್ದು ತತ್ವಶಾಸ್ತ್ರ, ಮನಸ್ಸು ಹೋದದ್ದು ರಸಾಯನಶಾಸ್ತ್ರದ ಕಡೆಗೆ. 1856ರಲ್ಲಿ ಪ್ಯಾರಿಸ್ಸಿನಲ್ಲಿ ವುರ್ಟ್ಸ್ ಎಂಬ ಹೆಸರಾಂತ ವಿಜ್ಞಾನಿಯ ಪ್ರಯೋಗಶಾಲೆ ಸೇರಿದ. ಎರಡೇ ವರ್ಷದಲ್ಲಿ ಒಂದು ಪ್ರಬಂಧ ಬರೆದ. ಕಾರ್ಬನ್ ಪರಮಾಣು ನಾಲ್ಕು ಬೇರೆ ಪರಮಾಣುಗಳನ್ನು ಹಿಡಿದುಕೊಳ್ಳಬಲ್ಲದು, ಕಾರ್ಬನ್‌ಗಳು ತಮ್ಮತಮ್ಮಲ್ಲೇ ಕೈಹಿಡಿದು ಸರಪಳಿಯಾಗಬಲ್ಲವು ಎಂಬುದು ಅದರ ಸಾರ. ಸಕ್ಕರೆ, ಎಣ್ಣೆ, ಹತ್ತಿ, ನಮ್ಮ ಚರ್ಮ, ಎಲ್ಲಕ್ಕೂ ಆಧಾರ ಈ ಎರಡು ಮಾತು. ಹಾಗೆ ಹಿಡಿದುಕೊಂಡದ್ದನ್ನು ತೋರಿಸಲು ಅವನು ಅಕ್ಷರಗಳ ನಡುವೆ ಚುಕ್ಕಿಸಾಲನ್ನೋ ಗೆರೆಯನ್ನೋ ಎಳೆದ. ಆಕ್ಸಿಜನ್ನಿನ ಪರಮಾಣು ತೂಕ 8 ಎಂದು ನಂಬಿದ್ದರಿಂದ ಅವನ ಚಿತ್ರಗಳಲ್ಲಿ ಒಂದು ‘ಓ’ ಇರಬೇಕಾದ ಕಡೆ ಎರಡು ಇವೆ. ಅದೊಂದನ್ನು ಬಿಟ್ಟರೆ ಇಂದಿನ ಹತ್ತನೇ ತರಗತಿಯ ಹುಡುಗಿ ಅವುಗಳಲ್ಲಿ ಹೆಚ್ಚಿನವನ್ನು ಓದಿಬಿಡಬಲ್ಲಳು.

ಪ್ರಬಂಧವನ್ನು ಫ್ರೆಂಚ್ ಅಕಾಡೆಮಿಯ ಮುಂದಿಡುವಂತೆ ಅವನು ವುರ್ಟ್ಸ್‌ರನ್ನು ಕೇಳಿಕೊಂಡ. ವುರ್ಟ್ಸ್ ಆಗಿನ್ನೂ ಅಕಾಡೆಮಿಯ ಸದಸ್ಯರಲ್ಲ. ಸದಸ್ಯರೊಬ್ಬರ ಮೂಲಕವೇ ಹೋಗಬೇಕು. ಕೆಲಸ ತಡವಾಯಿತು. ಅಷ್ಟರಲ್ಲಿ, 1858ರ ಮೇ ತಿಂಗಳಲ್ಲಿ, ಜರ್ಮನಿಯ ಔಗುಸ್ಟ್ ಕೆಕುಲೆ ಅದೇ ಎರಡು ಮಾತುಗಳನ್ನು ಸ್ವತಂತ್ರವಾಗಿ ಪ್ರಕಟಿಸಿಬಿಟ್ಟರು. ಕೂಪರನ ಪ್ರಬಂಧ ಅಕಾಡೆಮಿಯಲ್ಲಿ ಓದಿಸಿಕೊಂಡದ್ದು ಜೂನ್ 14ಕ್ಕೆ, ಡ್ಯೂಮಾ ಎಂಬ ಹಿರಿಯರ ಮೂಲಕ. ಕೆಲವೇ ವಾರಗಳ ಅಂತರ. ಕೆಕುಲೆ ‘ಇದನ್ನು ಮೊದಲು ಹೇಳಿದವನು ನಾನು’ ಎಂದು ಹಕ್ಕು ಸ್ಥಾಪಿಸಿದರು. ಕೂಪರ್ ಸಿಟ್ಟಿನಲ್ಲಿ ಗುರುವಿನ ಜೊತೆ ಜಗಳವಾಡಿ ಪ್ರಯೋಗಶಾಲೆ ಬಿಡಬೇಕಾಯಿತು. ಎಡಿನ್‌ಬರೋದಲ್ಲಿ ಸಹಾಯಕನ ಕೆಲಸವೇನೋ ಸಿಕ್ಕಿತು. ಮರುವರ್ಷವೇ ಮನಸ್ಸು ಕೆಟ್ಟಿತು. ಮತ್ತೆಂದೂ ಅವನು ರಸಾಯನಶಾಸ್ತ್ರಕ್ಕೆ ಮರಳಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ತಾಯಿಯ ಆರೈಕೆಯಲ್ಲಿ ಬದುಕಿ 1892ರಲ್ಲಿ ತೀರಿಕೊಂಡ.

ಅವನ ಗೆರೆ ಮಾತ್ರ ಉಳಿಯಿತು. ಅದೇ ಎಡಿನ್‌ಬರೋದಲ್ಲಿ ಅಲೆಕ್ಸಾಂಡರ್ ಕ್ರಮ್ ಬ್ರೌನ್ 1860ರ ದಶಕದಲ್ಲಿ ಅಕ್ಷರಗಳ ಸುತ್ತ ವೃತ್ತ ಬರೆದು ನಡುವೆ ಗೆರೆ ಎಳೆಯುವ ಪದ್ಧತಿ ತಂದರು. ಇದು ಪರಮಾಣುಗಳು ನಿಜವಾಗಿ ಕೂತಿರುವ ಜಾಗದ ಚಿತ್ರವಲ್ಲ, ಯಾವುದು ಯಾವುದಕ್ಕೆ ಸೇರಿದೆ ಎಂಬ ಲೆಕ್ಕ ಮಾತ್ರ ಎಂದು ಅವರೇ ಎಚ್ಚರಿಸಿದ್ದರು. ಊರಿಂದೂರಿಗೆ ದಾರಿ ಇದೆ ಎಂದು ನಕ್ಷೆ ಹೇಳಬಹುದು. ಆ ದಾರಿ ಡಾಂಬರಿನದೋ ಮಣ್ಣಿನದೋ ಹೇಳಬೇಕಿಲ್ಲ. ಎಲೆಕ್ಟ್ರಾನ್ ಎಂಬುದು ಪತ್ತೆಯಾಗಿದ್ದೇ 1897ರಲ್ಲಿ. ಅಲ್ಲಿಯವರೆಗೆ ಬಣ್ಣ, ಔಷಧಿ, ಸ್ಫೋಟಕಗಳ ಉದ್ಯಮಗಳೆಲ್ಲ ಅರ್ಥ ಗೊತ್ತಿಲ್ಲದ ಆ ಗೆರೆಯನ್ನು ನಂಬಿಯೇ ನಡೆದವು.

ಗೆರೆಗೆ ಅರ್ಥ ಕೊಟ್ಟವರು ಅಮೆರಿಕದ ಗಿಲ್ಬರ್ಟ್ ನ್ಯೂಟನ್ ಲೂಯಿಸ್. 1902ರಲ್ಲಿ ಹಾರ್ವರ್ಡಿನಲ್ಲಿ ಪಾಠ ಮಾಡುತ್ತಿದ್ದಾಗ ಅವರಿಗೆ 26 ವರ್ಷ. ವಿದ್ಯಾರ್ಥಿಗಳಿಗೆ ವೇಲೆನ್ಸಿ ವಿವರಿಸಲು ಪರಮಾಣುವನ್ನು ಒಂದು ಘನಾಕೃತಿಯಾಗಿ ಬರೆದು, ಅದರ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಇಟ್ಟರು. ಪ್ರಕಟಿಸಲಿಲ್ಲ. ಹದಿನಾಲ್ಕು ವರ್ಷದ ನಂತರ, 1916ರಲ್ಲಿ, ಬರ್ಕ್ಲಿಯಿಂದ ಅವರ ಪ್ರಬಂಧ ಹೊರಬಂತು. ಉಪ್ಪಿನಲ್ಲಿ ಸೋಡಿಯಂ ತನ್ನ ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕೊಟ್ಟುಬಿಡುತ್ತದೆ ಸರಿ, ಆದರೆ ಎರಡು ಹೈಡ್ರೋಜನ್ ಸೇರುವಾಗ ಯಾರು ಯಾರಿಗೆ ಕೊಡಬೇಕು? ಇಬ್ಬರೂ ಸಮಾನರು. ಯಾರೂ ಕೊಡುವುದಿಲ್ಲ, ಇಬ್ಬರೂ ಒಂದೊಂದನ್ನು ನಡುವೆ ಇಟ್ಟು ಆ ಜೋಡಿಯನ್ನು ಹಂಚಿಕೊಳ್ಳುತ್ತಾರೆ ಎಂಬುದು ಲೂಯಿಸರ ಉತ್ತರ. ಆ ಜೋಡಿ ಪೂರ್ತಿಯಾಗಿ ಇವನದೂ ಅಲ್ಲ, ಅವನದೂ ಅಲ್ಲ. ಕೂಪರನ ಒಂದು ಗೆರೆ ಈಗ ಎರಡು ಚುಕ್ಕಿಯಾಯಿತು. ಕಾರ್ಬನ್ನಿನ ಹೊರಕವಚದಲ್ಲಿರುವುದು ನಾಲ್ಕು ಎಲೆಕ್ಟ್ರಾನ್, ಎಂಟಾಗಲು ಇನ್ನೂ ನಾಲ್ಕು ಬೇಕು. ಅದಕ್ಕೇ ಮೀಥೇನಿನಲ್ಲಿ ನಾಲ್ಕು ಗೆರೆ.

ಲೂಯಿಸರ ಒಂದು ಗುಣ ನನಗೆ ತುಂಬ ಹಿಡಿಸಿತು. ಎರಡು ಘನಗಳು ಅಂಚು ಹಂಚಿಕೊಂಡರೆ ಒಂದು ಬಂಧ, ಮುಖ ಹಂಚಿಕೊಂಡರೆ ಎರಡು ಬಂಧ. ಮೂರು ಬಂಧ ತೋರಿಸಲು ಘನದಲ್ಲಿ ಜಾಗವೇ ಇಲ್ಲ. ಅದನ್ನು ಅವರು ಅದೇ ಪ್ರಬಂಧದಲ್ಲಿ ಒಪ್ಪಿಕೊಂಡು, ತಮ್ಮ ಪ್ರೀತಿಯ ಘನವನ್ನು ಬದಿಗಿಟ್ಟು, ಎಲೆಕ್ಟ್ರಾನ್‌ಗಳನ್ನು ಎರಡೆರಡಾಗಿ ನಾಲ್ಕು ಮೂಲೆಗಳಿಗೆ ಸರಿಸಿದರು.

ಆಮೇಲೆ ಬಂದವರು ಅರ್ವಿಂಗ್ ಲ್ಯಾಂಗ್ಮ್ಯೂರ್. ಉದ್ಯಮದ ಪ್ರಯೋಗಶಾಲೆಯಲ್ಲಿದ್ದವರು, ಸೊಗಸಾದ ಮಾತುಗಾರ. 1919ರಲ್ಲಿ ಲೂಯಿಸರ ವಿಚಾರವನ್ನು ವಿಸ್ತರಿಸಿ, ‘ಕೋವೇಲೆನ್ಸ್’ ಎಂಬ ಹೆಸರಿಟ್ಟವರು ಅವರೇ. ನಮ್ಮ ‘ಸಹವೇಲೆನ್ಸಿ’ ಅದರಿಂದ ಬಂದದ್ದು. ಮಾತಿನ ಬಲದಿಂದ ಸಿದ್ಧಾಂತ ಎಲ್ಲೆಡೆ ಹರಡಿತು, ಜೊತೆಗೆ ಲ್ಯಾಂಗ್ಮ್ಯೂರ್ ಹೆಸರೂ ಅದಕ್ಕೆ ಅಂಟಿಕೊಂಡಿತು. ಇದು ಲೂಯಿಸರಿಗೆ ನುಂಗಲಾರದ ತುತ್ತಾಯಿತು. 1923ರ ತಮ್ಮ ಪುಸ್ತಕದಲ್ಲಿ ಅವರು 1902ರ ಆ ಹಳೆಯ ಟಿಪ್ಪಣಿಯ ಚಿತ್ರವನ್ನೇ ಅಚ್ಚು ಹಾಕಿಸಿದರು. 1932ರಲ್ಲಿ ಲ್ಯಾಂಗ್ಮ್ಯೂರ್‌ಗೆ ನೊಬೆಲ್ ಬಂತು, ಬೇರೆ ಕೆಲಸಕ್ಕೆ. ಲೂಯಿಸರ ಹೆಸರು ಎಷ್ಟೋ ಬಾರಿ ಸೂಚಿತವಾದರೂ ಅವರಿಗೆ ಕೊನೆಗೂ ಬರಲಿಲ್ಲ. 1946ರ ಮಾರ್ಚ್ 23ರಂದು ಬರ್ಕ್ಲಿಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದಾಗಲೇ ಅವರು ತೀರಿಕೊಂಡರು.

ಹಂಚಿಕೊಳ್ಳುವುದೇ ಬಂಧ ಎಂದು ಪರಮಾಣುಗಳ ವಿಷಯದಲ್ಲಿ ಕಂಡುಕೊಂಡವರಿಗೂ ಕೀರ್ತಿಯನ್ನು ಹಂಚಿಕೊಳ್ಳುವುದು ಇಷ್ಟು ಕಷ್ಟವಾಯಿತೇ ಎಂದು ಮೊದಲು ನನಗೆ ನಗು ಬಂತು. ಆಮೇಲೆ ಬರಲಿಲ್ಲ. ಕೂಪರನಿಗೆ ತಪ್ಪಿಹೋದದ್ದು ಬರಿಯ ಕೀರ್ತಿಯಲ್ಲ, ಬದುಕು.

ಇನ್ನು ಅಕ್ಕನ ಮಗಳ ಪ್ರಶ್ನೆ. ಅದು ಲೂಯಿಸರಿಗೂ ಪೂರ್ತಿ ಬಗೆಹರಿದಿರಲಿಲ್ಲ. ಬಗೆಹರಿಸಲು ದಾರಿ ಮಾಡಿದವರು 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಎಂಬ ಇಬ್ಬರು ತರುಣರು, ಆಗಷ್ಟೇ ಬಂದಿದ್ದ ಕ್ವಾಂಟಂ ಸಿದ್ಧಾಂತದಿಂದ. ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂಡುವುದು ನಿಜ. ಆದರೆ ಅವುಗಳ ಸ್ಪಿನ್ ವಿರುದ್ಧವಾಗಿದ್ದರೆ ಎರಡೂ ನ್ಯೂಕ್ಲಿಯಸ್‌ಗಳ ನಡುವಿನ ಜಾಗದಲ್ಲಿ ಒಟ್ಟಿಗೆ ಇರಬಲ್ಲವು, ಎರಡು ಕಡೆಯ ಸೆಳೆತಕ್ಕೂ ಸಿಗಬಲ್ಲವು. ಆಗ ಒಟ್ಟು ಶಕ್ತಿ ಇಳಿಯುತ್ತದೆ, ದೂಡಾಟಕ್ಕಿಂತ ಸೆಳೆತ ಗೆಲ್ಲುತ್ತದೆ. ತೀರಾ ಹತ್ತಿರ ಬಂದರೆ ನ್ಯೂಕ್ಲಿಯಸ್‌ಗಳೇ ದೂಡುತ್ತವೆ. ಎರಡೂ ಸರಿದೂಗುವ ದೂರ ಹೈಡ್ರೋಜನ್ ಅಣುವಿನಲ್ಲಿ 74 ಪಿಕೋಮೀಟರ್. ಅಂಥ 13 ಕೋಟಿಗೂ ಹೆಚ್ಚು ಗೆರೆಗಳನ್ನು ಸಾಲಾಗಿ ಜೋಡಿಸಿದರೆ ಒಂದು ಸೆಂಟಿಮೀಟರ್. ಅವರ ಮೊದಲ ಲೆಕ್ಕಕ್ಕೆ ಸಿಕ್ಕಿದ್ದು ಬಂಧದ ನಿಜವಾದ ಬಲದ ಸುಮಾರು ಮೂರನೇ ಎರಡು ಭಾಗ ಮಾತ್ರ. ಆದರೆ ದಾರಿ ಸರಿಯಿತ್ತು. ಲೈನಸ್ ಪೌಲಿಂಗ್ ಆ ದಾರಿಯಲ್ಲಿ ಬಹಳ ದೂರ ನಡೆದು, ರಾಸಾಯನಿಕ ಬಂಧದ ಬಗ್ಗೆ 1939ರಲ್ಲಿ ಬರೆದ ಹೆಸರುವಾಸಿ ಪುಸ್ತಕವನ್ನು ಲೂಯಿಸರಿಗೆ ಅರ್ಪಿಸಿದರು. ನಮ್ಮ ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರಿಗೆ ಸ್ಫೂರ್ತಿಯಾದದ್ದೂ ಅದೇ ಪುಸ್ತಕ.

ಕೂಪರನನ್ನು ಮರೆವಿನಿಂದ ಎತ್ತಿದವರು ಯಾರು ಗೊತ್ತೇ? ಕೆಕುಲೆಯ ಶಿಷ್ಯ ರಿಚರ್ಡ್ ಆನ್‌ಶುಟ್ಸ್. ಗುರುವಿನ ಜೀವನಚರಿತ್ರೆ ಬರೆಯಲು ಹೊರಟವರು ಹಳೆಯ ಪ್ರಬಂಧಗಳಲ್ಲಿ ಈ ಹೆಸರು ಕಂಡು, ಅವನು ಯಾರು, ಏನಾದ ಎಂದು ಸ್ಕಾಟ್ಲೆಂಡಿನವರೆಗೂ ವಿಚಾರಿಸಿ, 1909ರಲ್ಲಿ ಅವನ ಬದುಕನ್ನು ಬರೆದರು. ಗುರುವಿನ ಪಾಲಿನ ಕೀರ್ತಿ ಅದರಿಂದ ಕಡಿಮೆಯಾದೀತು ಎಂದು ಅವರು ಹಿಂಜರಿಯಲಿಲ್ಲ.

ಇದನ್ನೆಲ್ಲ ಒಂದು ಭಾನುವಾರ ಅಕ್ಕನ ಮಗಳಿಗೆ ಹೇಳಿದೆ. ಸ್ಪಿನ್ ಅಂದರೇನು ಎಂದು ಮತ್ತೆ ಕೇಳಿದಳು. ‘ಅದು ನನಗೂ ಸರಿಯಾಗಿ ಗೊತ್ತಿಲ್ಲಮ್ಮ’ ಎಂದೆ, ಈ ಸಲ ತಪ್ಪಿಸಿಕೊಳ್ಳದೆ. ಅವಳು ಪಠ್ಯಪುಸ್ತಕ ತೆರೆದು, ಮೀಥೇನಿನ ಚಿತ್ರದ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ‘ಕೂಪರ್, 1858’ ಎಂದು ಬರೆದಿಟ್ಟುಕೊಂಡಳು. ಅದಕ್ಕೆ ಯಾರೂ ಅಂಕ ಕೊಡುವುದಿಲ್ಲ ಎಂದು ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.