ಊಟಬದಲಿ ಆಹಾರಕ್ರಮ

ತೂಕ ಇಳಿಸಲು ದಿನದ ಒಂದೆರಡು ಊಟವನ್ನೋ ಎಲ್ಲವನ್ನೋ ಬಿಟ್ಟು, ಕ್ಯಾಲೊರಿ ಮತ್ತು ಪೋಷಕಾಂಶ ಅಳೆದು ತಯಾರಿಸಿದ ಶೇಕ್, ಸೂಪ್‌ಗಳನ್ನು ಸೇವಿಸುವ ಪದ್ಧತಿ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಕೊಲಾಜನ್‌ನಿಂದ ಮಾಡಿದ ಕಳಪೆ ದ್ರವ ಪ್ರೋಟೀನನ್ನೇ ನೆಚ್ಚಿದ ಹಲವರು ಹೃದಯದ ಲಯ ತಪ್ಪಿ ಸತ್ತರು. ಹಾಗಾಗಿ ಪ್ರೋಟೀನಿನ ಗುಣಮಟ್ಟವನ್ನು ಮೊದಲು ನೋಡಬೇಕು. 2017ರಲ್ಲಿ ಫಲಿತಾಂಶ ಪ್ರಕಟಿಸಿದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಟೈಪ್ 2 ಮಧುಮೇಹಿಗಳು 3ರಿಂದ 5 ತಿಂಗಳು ದಿನಕ್ಕೆ 825–853 ಕ್ಯಾಲೊರಿಯಲ್ಲಿದ್ದು, ಬಳಿಕ ಹಂತಹಂತವಾಗಿ ಮಾಮೂಲಿ ಊಟಕ್ಕೆ ಮರಳಿದರು. ವರ್ಷದ ಕೊನೆಗೆ ಅವರಲ್ಲಿ ಶೇ. 46 ಮಂದಿಯ ಮಧುಮೇಹ ಔಷಧವಿಲ್ಲದೆಯೇ ಶಮನಗೊಂಡಿತ್ತು. ಮರಳುವ ಈ ಹಂತವೇ ನಿರ್ಣಾಯಕ. ಅದಕ್ಕೆ ಯೋಜನೆಯಿಲ್ಲದ ಕಾರ್ಯಕ್ರಮ ಎಷ್ಟೇ ಅಗ್ಗವಾದರೂ ಆಯ್ಕೆಗೆ ಯೋಗ್ಯವಲ್ಲ. ಇನ್ಸುಲಿನ್ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಂದ ಔಷಧದ ಪ್ರಮಾಣ ಹೊಂದಿಸಿಕೊಂಡೇ ಆರಂಭಿಸಬೇಕು. ಗರ್ಭಿಣಿಯರಿಗೆ ಇದು ಸಲ್ಲದು.