ಲಸಿಕಾ ಮಾರ್ಗಸೂಚಿಗಳು: ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಜಾನುವಾರು ಮಾಲೀಕರಿಗೆ ಮಾಹಿತಿ

ಜಾನುವಾರುಗಳಿಗೆ ಯಾವ ಲಸಿಕೆಯನ್ನು, ಯಾವ ವಯಸ್ಸಿನಲ್ಲಿ, ಎಷ್ಟು ಅಂತರದಲ್ಲಿ ನೀಡಬೇಕೆಂಬುದನ್ನು ಮಾರ್ಗಸೂಚಿಗಳು ನಿಗದಿಪಡಿಸುತ್ತವೆ. ಯಾವ ರಾಸಿಗೆ ಅಂದು ನೀಡಬಾರದು ಎಂಬುದೂ ಅವುಗಳಿಂದಲೇ ನಿರ್ಧಾರವಾಗುತ್ತದೆ. ಲಸಿಕೆದಾರರು ಕೊಟ್ಟಿಗೆಯ ಒಂದು ರಾಸಿಗೆ ಚುಚ್ಚುಮದ್ದು ನೀಡಿ ಮತ್ತೊಂದನ್ನು ಬಿಟ್ಟುಹೋದಾಗ ಮಾಲೀಕರಿಗೆ ಅಸಮಾಧಾನವಾಗುವುದು ಸಹಜ. ಆದರೆ ಸಾಮಾನ್ಯವಾಗಿ ಅದಕ್ಕೆ ಖಚಿತವಾದ ಕಾರಣವಿರುತ್ತದೆ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ದನ ಮತ್ತು ಎಮ್ಮೆಗಳಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆಯನ್ನು ಉಚಿತವಾಗಿ ನೀಡಲಾಗುತ್ತದೆ. ಕರುವಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲ ಲಸಿಕೆ, ಒಂದು ತಿಂಗಳ ನಂತರ ಬೂಸ್ಟರ್. ಜ್ವರದಿಂದ ಬಳಲುತ್ತಿರುವ ಹಾಗೂ ತುಂಬು ಗಬ್ಬದ ರಾಸುಗಳಿಗೆ ಲಸಿಕೆಯನ್ನು ಮುಂದೂಡಲಾಗುವುದು. ಅಂತಹ ರಾಸು ಚೇತರಿಸಿಕೊಂಡ ಅಥವಾ ಕರು ಹಾಕಿದ ನಂತರ ಮಾಲೀಕರೇ ಪಶು ಆಸ್ಪತ್ರೆಗೆ ತಿಳಿಸತಕ್ಕದ್ದು. ಲಸಿಕೆಯ ನಂತರ ಒಂದೆರಡು ದಿನ ಹಾಲು ಕಡಿಮೆಯಾಗಬಹುದು. ಇದು ತಾತ್ಕಾಲಿಕ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲೇ ಇಡಬೇಕು; ಬಿಸಿಯಾದರೆ ಮಾತ್ರವಲ್ಲ, ಹೆಪ್ಪುಗಟ್ಟಿದರೂ ಅದು ಕೆಡುತ್ತದೆ. ಆದುದರಿಂದ "ಬಾಟಲಿ ಇಟ್ಟುಹೋಗಿ, ಸಂಜೆ ನಾವೇ ಹಾಕಿಕೊಳ್ಳುತ್ತೇವೆ" ಎಂಬ ಕೋರಿಕೆಯನ್ನು ಒಪ್ಪಲಾಗುವುದಿಲ್ಲ.

ಮಲೆನಾಡು ಗಿಡ್ಡ ತಳಿಯ ದನಗಳು ಬೆಳಿಗ್ಗೆಯೇ ಕಾಡು, ಬೆಟ್ಟಗಳಿಗೆ ಮೇಯಲು ಹೋಗುವುದರಿಂದ ಈ ಮೂರೂ ತಾಲ್ಲೂಕುಗಳಲ್ಲಿ ಲಸಿಕೆ ತಪ್ಪುವ ಸಂಭವ ಹೆಚ್ಚು. ಲಸಿಕೆಯ ದಿನ ದನಗಳನ್ನು ಕಟ್ಟಿಹಾಕಿರುವುದು ಅವಶ್ಯಕ. ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆಗಳನ್ನು ಮಳೆಗಾಲಕ್ಕೆ ಮುಂಚೆಯೇ ಹಾಕಿಸತಕ್ಕದ್ದು. ಲಸಿಕೆ ಪಡೆದ ದಿನವೇ ರೋಗನಿರೋಧಕ ಶಕ್ತಿ ಬರುವುದಿಲ್ಲ, ಅದಕ್ಕೆ ಎರಡು ಮೂರು ವಾರ ಬೇಕು.

ಕಂದು ರೋಗದ ಲಸಿಕೆಯ ನಿಯಮ ಇನ್ನೂ ಕಟ್ಟುನಿಟ್ಟು. 4ರಿಂದ 8 ತಿಂಗಳ ವಯಸ್ಸಿನ ಹೆಣ್ಣುಕರುಗಳಿಗೆ ಮಾತ್ರ, ಜೀವಿತಾವಧಿಯಲ್ಲಿ ಒಮ್ಮೆ ಮಾತ್ರ. ಇದು ಜೀವಂತ ರೋಗಾಣುವಿನ ಲಸಿಕೆಯಾದುದರಿಂದ ಸೂಜಿ ಕೈಗೆ ತಗುಲಿದರೆ ಮನುಷ್ಯರಿಗೂ ಸೋಂಕು ಉಂಟಾಗಬಹುದು. ಕರು ಹುಟ್ಟಿದ ದಿನಾಂಕವನ್ನು ಕೊಟ್ಟಿಗೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೂ ಸಾಕು, ವಯಸ್ಸಿನ ಗೊಂದಲ ತಪ್ಪುತ್ತದೆ.

ಮಂಗನ ಕಾಯಿಲೆಗೆ ದನಗಳಿಗೂ ಲಸಿಕೆ ಹಾಕಿಸಬೇಕೆಂದು ಕೆಲವರು ಭಾವಿಸುವುದುಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗವು 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಹಾನಿ ಉಂಟುಮಾಡಿತು. ದನಗಳಿಗೆ ಇದರ ಲಸಿಕೆ ಇಲ್ಲ. ಮನುಷ್ಯರಿಗೆ ನೀಡುತ್ತಿದ್ದ ಹಳೆಯ ಲಸಿಕೆಯನ್ನೂ ಪರಿಣಾಮ ಸಾಲದೆಂಬ ಕಾರಣಕ್ಕೆ 2022ರಲ್ಲಿ ನಿಲ್ಲಿಸಲಾಯಿತು. ಬೆಳೆದ ಉಣುಗುಗಳು ದನದ ರಕ್ತ ಹೀರಿ ಸಂಖ್ಯೆಯಲ್ಲಿ ವೃದ್ಧಿಯಾಗುವುದರಿಂದ, ಕಾಡಿಗೆ ಹೋಗುವ ದನಗಳಿಗೆ ಪಶುವೈದ್ಯರ ಸಲಹೆಯಂತೆ ಉಣುಗು ನಿವಾರಕ ಔಷಧ ಬಳಸಬೇಕು.

ಲಸಿಕೆಯ ವಿವರವನ್ನು ರಾಸಿನ 12 ಅಂಕಿಗಳ ಕಿವಿಯೋಲೆ ಸಂಖ್ಯೆಗೆ ದಾಖಲಿಸಲಾಗುತ್ತದೆ. ಓಲೆ ಬಿದ್ದುಹೋಗಿದ್ದಲ್ಲಿ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ ಹೊಸದನ್ನು ಹಾಕಿಸಿಕೊಳ್ಳತಕ್ಕದ್ದು. ತುರ್ತು ಚಿಕಿತ್ಸೆಗೆ ಸಹಾಯವಾಣಿ ಸಂಖ್ಯೆ 1962.